ಉಷ್ಣದ ಬೆಲೆ: ರಾಬರ್ಟ್ ಮೇಯರನ ಗಣನೆಯನ್ನು ಕುರಿತು

ಶಕ್ತಿಯ ನಿತ್ಯತ್ವವನ್ನು ಬೋಧಿಸುವಾಗ ಜೇಮ್ಸ್ ಜೂಲನ ಪ್ರಯೋಗದಿಂದ ತೊಡಗುವುದು ನಮ್ಮ ತರಗತಿಗಳ ರೂಢಿ. ಇಳಿಯುವ ತೂಕಗಳು ನೀರನ್ನು ಕಡೆಯುತ್ತವೆ, ನೀರು ಬಿಸಿಯಾಗುತ್ತದೆ, ವ್ಯಯವಾದ ಕೆಲಸಕ್ಕೂ ಹುಟ್ಟಿದ ಉಷ್ಣಕ್ಕೂ ಇರುವ ಪ್ರಮಾಣ ದೊರೆಯುತ್ತದೆ. ಆ ಪ್ರಮಾಣವನ್ನು ಜೂಲನಿಗಿಂತ ಮೊದಲೇ ಪ್ರಕಟಿಸಿದ ಜರ್ಮನ್ ವೈದ್ಯ ರಾಬರ್ಟ್ ಮೇಯರನಿಗೆ ಒಂದೆರಡು ವಾಕ್ಯಗಳಷ್ಟೇ ಮೀಸಲು. ಅವನದು ಪ್ರಯೋಗದ ಆಧಾರವಿಲ್ಲದ ಊಹೆಯೆಂಬ ಭಾವನೆಯೂ ಉಂಟು. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1840ರಲ್ಲಿ ಡಚ್ ಹಡಗೊಂದರ ವೈದ್ಯನಾಗಿ ಜಾವಾಕ್ಕೆ ಹೋಗಿದ್ದ ಮೇಯರ್, ನಾವಿಕರ ಸಿರೆಗಳ ರಕ್ತವು ತಾನೆಣಿಸಿದ್ದಕ್ಕಿಂತ ಕೆಂಪಾಗಿರುವುದನ್ನು ಕಂಡನು. ಉಷ್ಣದೇಶದಲ್ಲಿ ದೇಹವು ತನ್ನ ಕಾವಿಗಾಗಿ ಕಡಿಮೆ ಆಹಾರವನ್ನು ಉರಿಸುವುದೇ ಕಾರಣವೆಂದು ಬಗೆದು, ದೇಹದ ಕಾವನ್ನೂ ದುಡಿಮೆಯನ್ನೂ ಒಂದೇ ಲೆಕ್ಕಕ್ಕೆ ತಂದನು. 1841ರಲ್ಲಿ ಬರೆದ ಮೊದಲ ಲೇಖನ ಅಚ್ಚಾಗಲಿಲ್ಲ. ಅದರಲ್ಲಿ ಯಂತ್ರಶಾಸ್ತ್ರದ ತಪ್ಪುಗಳಿದ್ದುದರಿಂದ ಸಂಪಾದಕನನ್ನು ದೂರುವಂತಿಲ್ಲ. ಎರಡನೆಯದನ್ನು 1842ರಲ್ಲಿ ಲೀಬಿಗನ ಪತ್ರಿಕೆ ಪ್ರಕಟಿಸಿತು.

ಗಣನೆಯ ಸಾರ ಹೀಗಿದೆ. ಗಾಳಿಯನ್ನು ಗಾತ್ರ ಬದಲಾಗದಂತೆ ಬಂಧಿಸಿ ಒಂದು ಡಿಗ್ರಿ ಕಾಯಿಸುವುದಕ್ಕಿಂತ, ಒತ್ತಡ ಬದಲಾಗದಂತೆ ಹಿಗ್ಗಗೊಟ್ಟು ಕಾಯಿಸಲು ಹೆಚ್ಚು ಉಷ್ಣ ಬೇಕು. ಈ ಹೆಚ್ಚಳವೆಲ್ಲಿ ಹೋಯಿತು? ಹಿಗ್ಗುವ ಗಾಳಿಯು ಹೊರಗಿನ ವಾಯುಭಾರವನ್ನು ತಳ್ಳಿದ ಕೆಲಸವಾಯಿತು ಎಂದನು ಮೇಯರ್. ಅಂದು ಲಭ್ಯವಿದ್ದ ವಿಶಿಷ್ಟೋಷ್ಣ 0.267ನ್ನೂ, ಎರಡು ವಿಶಿಷ್ಟೋಷ್ಣಗಳ ನಿಷ್ಪತ್ತಿ 1.421ನ್ನೂ ಆತ ಹಿಡಿದನು. ನೀರನ್ನು ಒಂದು ಸೆಂಟಿಗ್ರೇಡ್ ಡಿಗ್ರಿ ಕಾಯಿಸುವ ಉಷ್ಣವು, ಅಷ್ಟೇ ತೂಕವು ಸುಮಾರು 365 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮವೆಂಬ ಫಲ ಬಂದಿತು. ಇಂದು ಒಪ್ಪಿತವಾದ ಬೆಲೆ ಸುಮಾರು 427 ಮೀಟರ್. ಆದರೆ ಕೊರತೆಯಿರುವುದು ಎರವಲು ಪಡೆದ ಅಂಕಿಗಳಲ್ಲಿ, ತರ್ಕದಲ್ಲಲ್ಲ. 0.24 ಮತ್ತು 1.40 ಎಂಬ ಬೆಲೆಗಳನ್ನು ಹಾಕಿ ವಿದ್ಯಾರ್ಥಿಗಳು ಇದೇ ಲೆಕ್ಕವನ್ನು ಮಾಡಲಿ. 427ರ ಆಸುಪಾಸಿಗೇ ಬರುತ್ತಾರೆ. ಪ್ರಯೋಗಗಳು ಪರರವು, ನಿಜ. ಬರಿಯ ಊಹೆಯೆಂಬ ಮಾತು ಮಾತ್ರ ನಿಲ್ಲದು.

ನಮ್ಮ ದೃಷ್ಟಿಯಲ್ಲಿ ಅವನ ನಿಜವಾದ ಲೋಪ ಬೇರೆ. ಹೆಚ್ಚಿನ ಉಷ್ಣವೆಲ್ಲ ಹೊರಗಿನ ಕೆಲಸಕ್ಕೇ ಸಂದಿತು, ಗಾಳಿಯೊಳಗೆ ಏನೂ ಅಡಗಲಿಲ್ಲ ಎಂಬುದಕ್ಕೆ 1842ರ ಲೇಖನದಲ್ಲಿ ಪ್ರಮಾಣವಿಲ್ಲ. ನಿರ್ವಾತಕ್ಕೆ ಹಿಗ್ಗಿದ ಗಾಳಿ ಒಟ್ಟಿನಲ್ಲಿ ತಣ್ಣಗಾಗದೆಂಬ ಗೇ-ಲುಸ್ಸಾಕನ ಪ್ರಯೋಗವನ್ನು ಮೇಯರ್ ಮುಂದಿಟ್ಟದ್ದು 1845ರಲ್ಲಿ. ಜೂಲನು ಅದೇ ವರ್ಷ ಅಂಥ ಪ್ರಯೋಗವನ್ನು ತಾನೇ ಮಾಡಿ ಪ್ರಕಟಿಸಿದನು. 1850ರ ಹೊತ್ತಿಗೆ ಅವನ ಅಳತೆ 772 ಅಡಿ-ಪೌಂಡುಗಳಿಗೆ, ಎಂದರೆ ಸುಮಾರು 424 ಮೀಟರಿಗೆ, ಮುಟ್ಟಿತ್ತು. ಅಳೆದು ನಿಶ್ಚಯಿಸಿದ ಕೀರ್ತಿ ನಿಸ್ಸಂದೇಹವಾಗಿ ಜೂಲನದೇ.

ಅದೇ 1850ರಲ್ಲಿ, ಮಕ್ಕಳ ಮರಣದಿಂದಲೂ ಪ್ರಾಥಮ್ಯದ ಕಲಹದಿಂದಲೂ ನೊಂದ ಮೇಯರ್ ಕಿಟಕಿಯಿಂದ ಧುಮುಕಿದನು. ಬದುಕುಳಿದು ಕೆಲಕಾಲ ಮಾನಸಿಕ ಚಿಕಿತ್ಸಾಲಯದಲ್ಲಿರಬೇಕಾಯಿತು. 1862ರಲ್ಲಿ ಜಾನ್ ಟಿಂಡಾಲನು ಲಂಡನ್ನಿನಲ್ಲಿ ಅವನ ಪಕ್ಷವನ್ನೆತ್ತಿ ಮಾತನಾಡಿದನು. ರಾಯಲ್ ಸೊಸೈಟಿಯ ಕೋಪ್ಲಿ ಪದಕವು 1870ರಲ್ಲಿ ಜೂಲನಿಗೂ, 1871ರಲ್ಲಿ ಮೇಯರನಿಗೂ ಸಂದಿತು.