ಮಹ್ಮೂದ್ ಅಬ್ದುಲ್ ರವೂಫ್: ಆಟ, ನಿಲುವು ಮತ್ತು ಮುಗಿಯದ ಚರ್ಚೆ

ಮಹ್ಮೂದ್ ಅಬ್ದುಲ್ ರವೂಫ್ ಅಮೆರಿಕದ ನಿವೃತ್ತ ಬಾಸ್ಕೆಟ್‌ಬಾಲ್ ಆಟಗಾರ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ 1990ರಿಂದ 2001ರ ನಡುವೆ ಒಟ್ಟು ಒಂಬತ್ತು ಸೀಸನ್ ಆಡಿದವರು. ಅವರದ್ದು ಪಾಯಿಂಟ್ ಗಾರ್ಡ್ ಸ್ಥಾನ. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವ ಜವಾಬ್ದಾರಿ ಈ ಆಟಗಾರನದ್ದು. ಆಟ ನಿಲ್ಲಿಸಿ ವರ್ಷಗಳೇ ಕಳೆದರೂ ಅಭಿಮಾನಿಗಳ ನಡುವೆ ಅವರ ಬಗ್ಗೆ ವಾದ ಮಾತ್ರ ನಿಂತಿಲ್ಲ.

ಹಿನ್ನೆಲೆ

1969ರಲ್ಲಿ ಮಿಸ್ಸಿಸ್ಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್‌ನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಕ್ರಿಸ್ ಜಾಕ್ಸನ್. ಬಡತನದ ಬಾಲ್ಯ. ಜೊತೆಗೆ ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ಸಮಸ್ಯೆ. ಮೈ ತನ್ನಷ್ಟಕ್ಕೆ ಅದುರುತ್ತಿತ್ತು. ಪ್ರತಿಯೊಂದೂ ಸರಿಯಾಗಿಯೇ ಆಗಬೇಕು ಎಂಬ ಹಟವೂ ಬಿಡುತ್ತಿರಲಿಲ್ಲ. ಚೆಂಡು ಮನಸ್ಸಿಗೆ ಸಮಾಧಾನ ಆಗುವ ಹಾಗೆ ಬುಟ್ಟಿಗೆ ಬೀಳುವ ತನಕ ಅಂಗಳ ಬಿಟ್ಟು ಹೋಗುತ್ತಿರಲಿಲ್ಲ.

ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 30.2 ಅಂಕ ಗಳಿಸಿದರು. ಅಲ್ಲಿ ಕೋಚ್ ಡೇಲ್ ಬ್ರೌನ್ ಕೊಟ್ಟ ಮಾಲ್ಕಂ ಎಕ್ಸ್ ಅವರ ಆತ್ಮಕಥೆ ಅವರನ್ನು ಹುಡುಕಾಟಕ್ಕೆ ಹಚ್ಚಿತು. 1990ರಲ್ಲಿ ಡೆನ್ವರ್ ನಗೆಟ್ಸ್ ತಂಡ ಅವರನ್ನು ಮೂರನೇ ಆಯ್ಕೆಯಾಗಿ ಸೇರಿಸಿಕೊಂಡಿತು. 1991ರಲ್ಲಿ ಇಸ್ಲಾಂ ಸ್ವೀಕರಿಸಿದರು, 1993ರಲ್ಲಿ ಹೆಸರು ಬದಲಿಸಿಕೊಂಡರು.

ಕೌಶಲ್ಯದ ಚರ್ಚೆ

ಅಭಿಮಾನಿಗಳ ಮೊದಲ ಪ್ರಶ್ನೆ: ಇವರು ನಿಜಕ್ಕೂ ಪಾಯಿಂಟ್ ಗಾರ್ಡಾ, ಅಲ್ಲ ಬರೀ ಅಂಕ ಗಳಿಸುವವರಾ? ಪಂದ್ಯಕ್ಕೆ ಸರಾಸರಿ 14.6 ಅಂಕ ಗಳಿಸಿದವರ ಅಸಿಸ್ಟ್, ಅಂದರೆ ಜೊತೆಗಾರನ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳು, ಬರೀ 3.5. ಇದು ಕಡಿಮೆಯೇ. ಆದರೆ 1995-96ರಲ್ಲಿ 19.2 ಅಂಕಗಳ ಜೊತೆ 6.8 ಅಸಿಸ್ಟ್ ಬಂದಿತ್ತು. ಆಗ ಅವರು ಪಾಸ್ ಕೊಡುವುದನ್ನೂ ಪಳಗಿಸಿಕೊಂಡಿದ್ದರು ಅನ್ನೋದು ಬೆಂಬಲಿಗರ ಉತ್ತರ. ಅದೇ ಸೀಸನ್‌ನಲ್ಲಿ ಸತತ 18 ಪಂದ್ಯ ಗೆದ್ದು ಬಂದಿದ್ದ ಮೈಕೆಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಡೆನ್ವರ್‌ನಲ್ಲಿ ಸೋತಿತು. ಆ ದಿನ ರವೂಫ್ ಗಳಿಕೆ 32 ಅಂಕ.

ಎರಡನೆಯದು ಸ್ಟೀಫನ್ ಕರಿ ಜೊತೆಗಿನ ಹೋಲಿಕೆ. 2016ರಲ್ಲಿ ಹಿರಿಯ ಕೋಚ್ ಫಿಲ್ ಜಾಕ್ಸನ್ ಈ ಹೋಲಿಕೆ ಎತ್ತಿದಾಗ ಕೆಲವರು ನಕ್ಕರು. ಕರಿಯಷ್ಟು ದೂರದಿಂದ, ಅಷ್ಟು ಸಲ ರವೂಫ್ ಎಸೆದವರಲ್ಲ, ನಿಜ. ಅವರ ಕಾಲದ ಆಟವೇ ಬೇರೆ. ಕೈಯಿಂದ ಚೆಂಡು ಬಿಡುವ ವೇಗದಲ್ಲಿ ಮಾತ್ರ ಹೋಲಿಕೆ ಕಣ್ಣಿಗೆ ಕಾಣುತ್ತದೆ.

ಫ್ರೀ ಥ್ರೋ ಬಗ್ಗೆ ಮಾತ್ರ ಯಾರದ್ದೂ ತಕರಾರಿಲ್ಲ. 1993-94ರಲ್ಲಿ 229 ಎಸೆತಗಳಲ್ಲಿ 219 ಬುಟ್ಟಿಗೆ ಬಿದ್ದವು, ಅಂದರೆ ಶೇ. 95.6.

1996ರ ಮಾರ್ಚ್

ಪಂದ್ಯಕ್ಕೆ ಮುಂಚೆ ಅಮೆರಿಕದ ರಾಷ್ಟ್ರಗೀತೆ ಹಾಡುವಾಗ ಅವರು ಎದ್ದು ನಿಲ್ಲುತ್ತಿರಲಿಲ್ಲ. ಆ ಧ್ವಜ ದಬ್ಬಾಳಿಕೆಯ ಸಂಕೇತ, ಅದಕ್ಕೆ ಗೌರವ ಸಲ್ಲಿಸುವುದು ತನ್ನ ವಿಶ್ವಾಸಕ್ಕೆ ಹೊಂದುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಅಮೆರಿಕದ ಮುಸ್ಲಿಮರಲ್ಲೂ ಈ ಬಗ್ಗೆ ಒಮ್ಮತ ಇರಲಿಲ್ಲ. ಮಾರ್ಚ್ 12ರಂದು ಲೀಗ್ ಅವರನ್ನು ಅಮಾನತು ಮಾಡಿತು. ಒಂದು ಪಂದ್ಯ ತಪ್ಪಿತು, 31,707 ಡಾಲರ್ ಹೋಯಿತು. ನಂತರ ಒಪ್ಪಂದವಾಯಿತು: ಎದ್ದು ನಿಲ್ಲುವುದು, ಆದರೆ ತಲೆ ತಗ್ಗಿಸಿ ಕಣ್ಣು ಮುಚ್ಚಿ ದುಆ ಮಾಡುವುದು.

ಸೀಸನ್ ಮುಗಿದ ಮೇಲೆ ತಂಡದ ಅತಿ ಹೆಚ್ಚು ಸರಾಸರಿ ಅಂಕದ ಆಟಗಾರನನ್ನೇ ಡೆನ್ವರ್, ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಬಿಟ್ಟುಕೊಟ್ಟಿತು. 1998ರಲ್ಲಿ ಅವರು ಟರ್ಕಿಯ ಫೆನರ್‌ಬಾಚೆ ಸೇರಿದರು. 2000-01ರಲ್ಲಿ ವ್ಯಾಂಕೂವರ್ ತಂಡದಲ್ಲಿ ಆಡಿದ್ದೇ ಎನ್‌ಬಿಎಯ ಕೊನೆ. ಮುಂದೆ ರಷ್ಯಾ, ಇಟಲಿ, ಗ್ರೀಸ್, ಸೌದಿ ಅರೇಬಿಯಾ, ಜಪಾನ್‌ನಲ್ಲೂ ಆಡಿದರು.

ಪರಂಪರೆ

ನಿಲುವಿಗೆ ತೆತ್ತ ಬೆಲೆಯೇ ಇದು ಅಂತ ಒಂದು ಪಕ್ಷ. ಸ್ಯಾಕ್ರಮೆಂಟೊದಲ್ಲಿ ಆಟವೇ ಇಳಿದಿತ್ತು ಅಂತ ಇನ್ನೊಂದು ಪಕ್ಷ. ಇಳಿದದ್ದು ಹೌದು, ಆದರೆ ಆಡಲು ಸಿಕ್ಕ ಅವಕಾಶವೂ ಕಡಿಮೆಯಾಗಿತ್ತು. ಡೆನ್ವರ್ ಬಿಡುವಾಗ ಅವರಿಗೆ ಬರೀ 27. ಪಾಯಿಂಟ್ ಗಾರ್ಡ್ ಒಬ್ಬ ಪೂರ್ತಿ ಮಾಗುವ ಹೊತ್ತು ಅದು. ಇವರು ಎಷ್ಟು ದೊಡ್ಡ ಆಟಗಾರ ಅಂತ ತೀರ್ಮಾನಿಸಬೇಕಿದ್ದ ವರ್ಷಗಳೇ ದಾಖಲೆಯಲ್ಲಿ ಇಲ್ಲ. ಹಾಗಾಗಿಯೇ ವಾದ ಮುಗಿಯುವುದಿಲ್ಲ.

2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದಾಗ, ಎರಡು ದಶಕದ ಹಿಂದಿನ ಈ ಹೆಸರು ಮತ್ತೆ ಜನರ ಬಾಯಿಗೆ ಬಂತು. 2020ರಲ್ಲಿ ವಿಶ್ವವಿದ್ಯಾಲಯ ಅವರ 35ನೇ ನಂಬರ್ ಜೆರ್ಸಿಯನ್ನು ಗೌರವಪೂರ್ವಕವಾಗಿ ನಿವೃತ್ತಿಗೊಳಿಸಿತು. ಅವರ ಆತ್ಮಕಥೆ 2022ರಲ್ಲಿ ಹೊರಬಂತು. ಪ್ರಕಟಿಸಿದ್ದು ಕೆಪರ್ನಿಕ್ ಅವರದ್ದೇ ಪ್ರಕಾಶನ ಸಂಸ್ಥೆ.