ಸಾಲಿನಲ್ಲಿ ಕುಳಿತವರು

ತಂಗಿಯ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಶನಿವಾರ ಸಂಜೆ ಬಸ್ಸು ಹತ್ತಿ ಸಂತೆಕಟ್ಟೆಯ ನಮ್ಮ ಮನೆಗೆ ಬಂದರೆ ಮತ್ತೆ ಹೋಗುವುದು ಸೋಮವಾರ ಬೆಳಿಗ್ಗೆ. ನಡುವಿನ ಆ ಒಂದೂವರೆ ದಿನ ಊಟ, ನಿದ್ದೆ ಬಿಟ್ಟರೆ ಅವನ ಮುಖ ಲ್ಯಾಪ್‌ಟಾಪಿನಿಂದ ಈಚೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿರುವ ನನಗೆ ಸುಮ್ಮನಿರಲು ಬರುವುದಿಲ್ಲ. ಒಂದು ಭಾನುವಾರ ಕೇಳಿಯೇ ಬಿಟ್ಟೆ.

“ಅಲ್ಲ ಮಾರಾಯ, ಕಲಿಯುವ ಹುಡುಗ ಹೀಗೆ ಆಟ ಆಡಿಕೊಂಡು ಕೂತರೆ ಎಂತ ಆಗ್ತದೆ?”

“ಇದು ಬರೀ ಗುಂಡು ಹೊಡೆಯುವ ಆಟ ಅಲ್ಲ ದೊಡ್ಡಮ್ಮ. ಫ್ಯಾಕ್ಟರಿ ಕಟ್ಟುವ ಆಟ. ಬನ್ನಿ, ಕೂತುಕೊಳ್ಳಿ, ತೋರಿಸ್ತೇನೆ” ಎಂದು ಕುರ್ಚಿ ಎಳೆದ.

ಆಟದ ಹೆಸರು ಫ್ಯಾಕ್ಟೋರಿಯೋ. ಜೆಕ್ ದೇಶದವರು ಮಾಡಿದ್ದು. ಪೂರ್ಣ ರೂಪದಲ್ಲಿ ಬಿಡುಗಡೆಯಾದದ್ದು 2020ರ ಆಗಸ್ಟಿನಲ್ಲಿ. ಯಾವುದೋ ಗ್ರಹದಲ್ಲಿ ಒಬ್ಬನೇ ಸಿಕ್ಕಿಬಿದ್ದವನು ಕಬ್ಬಿಣ, ತಾಮ್ರ, ಕಲ್ಲಿದ್ದಲು ಅಗೆದು, ಕುಲುಮೆ ಹಾಕಿ, ಯಂತ್ರದಿಂದ ಯಂತ್ರಕ್ಕೆ ಸಾಮಾನು ಸಾಗಿಸುವ ಪಟ್ಟಿಗಳನ್ನು ಹಾಸಿ, ಕೊನೆಗೆ ರಾಕೆಟ್ಟನ್ನೇ ಹಾರಿಸಬೇಕು. ಪರದೆಯ ಮೇಲೆ ನೂರಾರು ಯಂತ್ರಗಳು ಇರುವೆ ಸಾಲಿನ ಹಾಗೆ ದುಡಿಯುತ್ತಿದ್ದವು. ಹೊಗೆ ಹೆಚ್ಚಾದರೆ ಆ ಗ್ರಹದ ಜೀವಿಗಳು ಸಿಟ್ಟಿಗೆದ್ದು ಫ್ಯಾಕ್ಟರಿಯ ಮೇಲೆ ಬೀಳುತ್ತವಂತೆ. ಅಷ್ಟು ನ್ಯಾಯವಾದರೂ ಆಟದಲ್ಲಿ ಉಂಟಲ್ಲ ಎಂದುಕೊಂಡೆ.

ಒಂದು ಯಂತ್ರ ಕೆಲಸ ಮಾಡದೆ ನಿಂತಿತ್ತು. “ಇದು ಸೋಮಾರಿ, ತೆಗೆದು ಬಿಸಾಡು” ಎಂದೆ. ಅವನು ನಕ್ಕ. ತಪ್ಪು ಅದರದ್ದಲ್ಲವಂತೆ. ಆ ಯಂತ್ರ ಒಂದು ವಿದ್ಯುತ್ ಫಲಕ ಮಾಡಲು ಮೂರು ತಾಮ್ರದ ತಂತಿ ಕೇಳುತ್ತದೆ. ಅದರ ಹಿಂದಿನ ಯಂತ್ರ ಅಷ್ಟೇ ಹೊತ್ತಿನಲ್ಲಿ ಎಳೆದು ಕೊಡುವುದು ಎರಡೇ ತಂತಿ. ಒಂದಕ್ಕೆ ಒಂದು ಇಟ್ಟರೆ ಮುಂದಿನದು ಕಾಯುತ್ತಲೇ ಇರಬೇಕು. “ಹಾಗಾದರೆ ತಂತಿಯದ್ದು ಮೂರು, ಫಲಕದ್ದು ಎರಡು ಇಡು. ಆರು ತಂತಿ ಬಂದೀತು, ಆರು ಖರ್ಚಾದೀತು” ಎಂದೆ. ಹುಡುಗ ನನ್ನನ್ನೇ ನೋಡಿದ. ಜಗತ್ತಿನ ಆಟಗಾರರೆಲ್ಲ ಹೇಳುವ ಲೆಕ್ಕವೂ ಅದೇ ಅಂತೆ. ಸಮಾಜ ಪಾಠದವಳಾದರೇನು, ತ್ರೈರಾಶಿ ಮರೆಯುವುದುಂಟೇ?

ಅಂದಿನಿಂದ ಈ ವಿಷಯ ನನ್ನ ತಲೆಯೊಳಗೆ ಹೊಕ್ಕಿತು. ಕೆಲಸವನ್ನು ತುಂಡು ಮಾಡಿ ಸಾಲಾಗಿ ಹಂಚುವ ಉಪಾಯ ಎಲ್ಲಿಂದ ಬಂತು ಎಂದು ನಾವು ಪಾಠ ಮಾಡುವುದು ಆ್ಯಡಂ ಸ್ಮಿತ್‌ನಿಂದ. 1776ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತ ಗುಂಡುಸೂಜಿಯ ಉದಾಹರಣೆ ಕೊಡುತ್ತಾನೆ. ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ ಇಪ್ಪತ್ತು ಸೂಜಿಯೂ ಆಗದು. ಒಬ್ಬ ತಂತಿ ಎಳೆದು, ಒಬ್ಬ ನೆಟ್ಟಗೆ ಮಾಡಿ, ಒಬ್ಬ ಕತ್ತರಿಸಿ, ಒಬ್ಬ ಮೊನೆ ಮಾಡಿ, ಹೀಗೆ ಹತ್ತು ಜನ ಹಂಚಿಕೊಂಡರೆ ದಿನಕ್ಕೆ 48,000 ಸೂಜಿ. ಆಮೇಲೆ ಬರುವುದು ಹೆನ್ರಿ ಫೋರ್ಡ್. 1913ರಲ್ಲಿ ಅಮೆರಿಕದ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಕಾರು ಕೆಲಸಗಾರನ ಮುಂದೆ ತಾನಾಗಿ ಸಾಗಿ ಬರುವಂತೆ ಮಾಡಿದ. ಒಂದು ಕಾರಿನ ಅಡಿಗಟ್ಟು ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು 93 ನಿಮಿಷಕ್ಕೆ ಇಳಿಯಿತು. ಕೆಲಸ ಎಷ್ಟು ಬೇಸರದ್ದಾಯಿತೆಂದರೆ ಜನ ಬಿಟ್ಟು ಬಿಟ್ಟು ಹೋಗತೊಡಗಿದರು. 1914ರಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಸಂಬಳ ಸಾರಿದ್ದು ಆ ಕಾರಣಕ್ಕೆ. ಆ ಐದು ಡಾಲರ್ ಮೊದಲಿಗೆ ಹೆಂಗಸರಿಗೆ ಇರಲಿಲ್ಲ ಎಂಬುದನ್ನು ನಾವು ತರಗತಿಯಲ್ಲಿ ಹೇಳುವುದಿಲ್ಲ.

ಹಾಗೆ ನೋಡಿದರೆ ಸಾಲು ಹಿಡಿದು ದುಡಿಯುವುದನ್ನು ಕಾಣಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ತಲೆ ಎತ್ತಿ ಮಾಡು ನೋಡಿದರೆ ಸಾಕು. ನಮ್ಮ ಹಳೆಯ ಮನೆಯ ಹಂಚು ಇಳಿಸುವಾಗ ಕೆಲವದರ ಮೇಲೆ ಬಾಸೆಲ್ ಮಿಶನ್ ಎಂಬ ಇಂಗ್ಲಿಷ್ ಅಚ್ಚು, 1865 ಎಂಬ ಇಸವಿ ಇತ್ತು. ಒಂದನ್ನು ಈಗಲೂ ಜಗಲಿಯಲ್ಲಿ ಇಟ್ಟುಕೊಂಡಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರಿಗೆ ಜಾತಿಯ ಆಸರೆಯ ಜೊತೆಗೆ ಹೊಟ್ಟೆಪಾಡೂ ತಪ್ಪಿದಾಗ ಅವರು ನೇಯ್ಗೆ, ಅಚ್ಚುಕೂಟ, ಹಂಚು ಎಂದು ಕೆಲಸ ಹುಟ್ಟಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಆರಂಭಿಸಿದರು. 1886ರಲ್ಲಿ ನಮ್ಮ ಮಲ್ಪೆಗೂ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದರೆ ಅಷ್ಟರಲ್ಲಿ ಮಂಗಳೂರು ಹಂಚು ಎಂಬ ಹೆಸರು ಊರೂರಿಗೆ ಹರಡಿಯಾಗಿತ್ತು.

ಹಂಚಿನ ಸಾಲು ನದಿಬದಿಯಲ್ಲಿ ಆರಂಭವಾಗುತ್ತದೆ. ಜೇಡಿಮಣ್ಣು ತರಬೇಕು, ನೆನೆಹಾಕಬೇಕು, ಅರೆದು ಹದ ಮಾಡಬೇಕು, ಹಲಗೆಯಾಕಾರಕ್ಕೆ ಕೊಯ್ದು ಅಚ್ಚಿನಲ್ಲಿ ಒತ್ತಬೇಕು, ಅಂಚು ಸವರಬೇಕು, ನೆರಳಿನಲ್ಲಿ ಒಣಗಿಸಿ ಆಮೇಲೆ ಗೂಡಿನಲ್ಲಿ ಸುಡಬೇಕು. ಇಡೀ ಸಾಲಿಗೆ ಮೂಗುದಾರ ಹಾಕುವುದು ಒಣಗಿಸುವ ಕೆಲಸ. ಅವಸರ ಮಾಡಿದರೆ ಹಂಚು ಬಿರಿಯುತ್ತದೆ. ಅಚ್ಚಿನ ಯಂತ್ರ ಎಷ್ಟೇ ಬೇಗ ಒತ್ತಲಿ, ಆಷಾಢದ ಮಳೆ ಅದರ ಮಾತು ಕೇಳುವುದಿಲ್ಲ. ಮಳೆಗೆ ಮೊದಲೇ ಮಣ್ಣು ರಾಶಿ ಹಾಕಿಡುವುದು, ಒಣಗಿಸಲು ಉದ್ದುದ್ದ ಮಾಡು ಕಟ್ಟಿ ಹಲಗೆಗಳ ಅಟ್ಟಣೆ ಮಾಡುವುದು ಇದಕ್ಕಾಗಿಯೇ. ಒಂದು ಹಂತದಿಂದ ಇನ್ನೊಂದಕ್ಕೆ ಮಣ್ಣನ್ನೂ ಹಸಿ ಹಂಚನ್ನೂ ಹೊತ್ತು ಸಾಗಿಸಿದ್ದು ಹೆಚ್ಚಾಗಿ ಹೆಂಗಸರ ತಲೆ. ಹುಡುಗನ ಆಟದ ಚಲಿಸುವ ಪಟ್ಟಿ ನಮ್ಮಲ್ಲಿ ಸೀರೆ ಉಟ್ಟುಕೊಂಡಿತ್ತು. ಮಿಶನ್ನಿನ ಚರಿತ್ರೆ ಎಂದರೆ ನಾವು 1843ರ ಮಂಗಳೂರು ಸಮಾಚಾರ ಪತ್ರಿಕೆಯನ್ನೂ 1894ರ ಕಿಟೆಲ್ ನಿಘಂಟನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಹಂಚು ಹೊತ್ತವರ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದಿಲ್ಲ.

ಇನ್ನೊಂದು ಸಾಲು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ಅಮ್ಮ ಹತ್ತೊಂಬತ್ತು ವರ್ಷ ಗೇರುಬೀಜದ ಫ್ಯಾಕ್ಟರಿಗೆ ಹೋದವಳು.

ಗೇರುಮರವನ್ನು ಬ್ರೆಜಿಲಿನಿಂದ ಈ ಕರಾವಳಿಗೆ ತಂದವರು ಪೋರ್ಚುಗೀಸರು, ಹದಿನಾರನೆಯ ಶತಮಾನದಲ್ಲಿ. 1920ರ ದಶಕದ ಹೊತ್ತಿಗೆ ಮಂಗಳೂರಿನಿಂದ ಅಮೆರಿಕಕ್ಕೆ ತಿರುಳು ಹೋಗತೊಡಗಿತ್ತು. ಆಮೇಲೆ ಉಡುಪಿ, ಕಾರ್ಕಳ, ಕುಂದಾಪುರದ ಸುತ್ತ ಕಾರ್ಖಾನೆಗಳು ಎದ್ದವು. ಊರಿನ ಬೀಜ ಸಾಲದೆ ಆಫ್ರಿಕದಿಂದಲೂ ತರಿಸಿದರು. ಫೋರ್ಡಿನವರಿಗೆ ಸಾಗುವ ಸಾಲಿನ ಯೋಚನೆ ಹೊಳೆದದ್ದು ಚಿಕಾಗೋದ ಕಸಾಯಿಖಾನೆಗಳನ್ನು ನೋಡಿ ಎನ್ನುತ್ತಾರೆ. ಅಲ್ಲಿ ಜೋಡಿಸುವುದಲ್ಲ, ಬಿಡಿಸುವುದು. ಗೇರುಬೀಜವೂ ಹಾಗೆಯೇ. ಒಂದು ಬೀಜವನ್ನು ಒಂದೊಂದೇ ಪದರವಾಗಿ ಬಿಡಿಸುತ್ತ ಹೋಗುವುದು.

ಮೊದಲು ಬೀಜ ಒಣಗಿಸಿ ಹುರಿಯುವುದು ಅಥವಾ ಹಬೆಯಲ್ಲಿ ಬೇಯಿಸುವುದು. ಆಮೇಲೆ ಒಡೆಯುವುದು. ಓಡಿನ ಎಣ್ಣೆ ಚರ್ಮ ಸುಡುವಂಥದ್ದು. ಬೂದಿಯನ್ನೋ ಹರಳೆಣ್ಣೆಯನ್ನೋ ಹಚ್ಚಿಕೊಳ್ಳದೆ ಕೈ ಇಡುವ ಹಾಗಿಲ್ಲ. ಒಡೆದ ಮೇಲೆ ಸಿಗುವ ತಿರುಳಿಗೆ ಕೆಂಪು ಸಿಪ್ಪೆ ಅಂಟಿಕೊಂಡಿರುತ್ತದೆ. ಅದನ್ನು ಬೋರ್ಮ ಎಂಬ ಬಿಸಿಗಾಳಿಯ ಕೋಣೆಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ನಂತರ ಸಿಪ್ಪೆ ಸುಲಿಯುವವರು, ಗ್ರೇಡ್ ಮಾಡುವವರು, ಡಬ್ಬಿ ತುಂಬುವವರು. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 320 ಇಡೀ ತಿರುಳು ತೂಗುತ್ತದೆ ಎಂದು ಅರ್ಥ. ಡಬ್ಲ್ಯು 180 ಆದರೆ ದಪ್ಪ ತಿರುಳು, ಬೆಲೆ ಹೆಚ್ಚು. ಸಹಿ ಹಾಕಲು ಕಲಿತದ್ದೇ ದೊಡ್ಡದು ಎನ್ನುವ ಅಮ್ಮ ಅಂಗೈಯಲ್ಲಿ ಒಂದು ಹಿಡಿ ತಿರುಳು ಹಾಕಿಕೊಂಡು “ಇದು ಇನ್ನೂರ ನಲವತ್ತು” ಎಂದರೆ ತಪ್ಪುತ್ತಿರಲಿಲ್ಲ.

ಅಮ್ಮನದು ಸಿಪ್ಪೆ ಸುಲಿಯುವ ಕೆಲಸ. ಕಿಲೋ ಲೆಕ್ಕದ ಮಜೂರಿ. ಇಡೀ ತಿರುಳಿಗೆ ಒಂದು ದರ; ತುಂಡು ಹೆಚ್ಚಾದರೆ ಕಡಿತ. ಬೋರ್ಮದ ಹದ ಸರಿಯಾಗಿದ್ದ ದಿನ ಬೆರಳು ತಾಗಿದರೆ ಸಾಕು, ಸಿಪ್ಪೆ ಉದುರಿ ಬೀಳುತ್ತಿತ್ತಂತೆ. ಬಿಸಿ ಸಾಲದಿದ್ದರೆ ಸಿಪ್ಪೆ ಅಂಟಿಕೊಂಡು ಚೂರಿಯಿಂದ ಕೆರೆಯಬೇಕು, ಬಿಸಿ ಹೆಚ್ಚಾದರೆ ತಿರುಳು ಮುಟ್ಟಿದರೆ ಮುರಿಯುತ್ತದೆ. ಎರಡೂ ರೀತಿಯಲ್ಲಿ ನಷ್ಟ ಯಾರಿಗೆ? ಬೋರ್ಮ ನೋಡಿಕೊಳ್ಳುವವನಿಗೆ ತಿಂಗಳ ಸಂಬಳ. ಸುಲಿಯುವವಳಿಗೆ ಅಂದಿನ ತೂಕ.

ನನಗೆ ಇವತ್ತಿಗೂ ನೆನಪಿರುವ ಒಂದು ಮಳೆಗಾಲ ಉಂಟು. ನಾನು ಆಗ ಎಂಟನೆಯ ಕ್ಲಾಸು. ಸೌದೆ ಹಸಿ ಇತ್ತೋ ಏನೋ, ಎರಡು ವಾರ ಬೋರ್ಮ ಸರಿಯಾಗಿ ಕಾಯಲೇ ಇಲ್ಲ. ಅಮ್ಮನ ತೂಕ ಅರ್ಧಕ್ಕೆ ಇಳಿಯಿತು. “ನಿನ್ನ ಕೈ ನಿಧಾನ ಆಯಿತು” ಎಂದು ಮೇಸ್ತ್ರಿ ಎಲ್ಲರ ಮುಂದೆ ಹೇಳಿದನಂತೆ. ಮನೆಗೆ ಬಂದವಳು ಊಟ ಮಾಡದೆ ಚಿಮಿಣಿ ದೀಪದ ಬೆಳಕಿನಲ್ಲಿ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು. ಉಗುರಿನ ಬುಡ ಒಡೆದು ರಕ್ತ ಕಾಣುತ್ತಿತ್ತು. ಆ ತಿಂಗಳು ನನ್ನ ಶಾಲೆಯ ಫೀಸು ತಡವಾಯಿತು. ತರಗತಿಯಲ್ಲಿ ಎದ್ದು ನಿಲ್ಲಿಸಿದರು. ಆಗ ನಾನೂ ಅಮ್ಮನ ಮೇಲೆಯೇ ಸಿಟ್ಟು ಮಾಡಿಕೊಂಡೆ. ಬೇರೆಯವರ ಅಮ್ಮಂದಿರು ಬೇಗ ಸುಲಿಯುತ್ತಾರೆ, ನಿನಗೆ ಮಾತ್ರ ಯಾಕೆ ಆಗುವುದಿಲ್ಲ ಎಂದು ಕೇಳಿದ್ದೆ. ಅವಳು ಏನೂ ಹೇಳಲಿಲ್ಲ.

ಅದೇ ಕೆಲಸದ ದುಡ್ಡಿನಲ್ಲಿ ನಾನು ಬಿ.ಎ., ಬಿ.ಎಡ್. ಮುಗಿಸಿದೆ. ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ತೊಟ್ಟಿಲುಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತೆಂದೂ, 1976ರಲ್ಲಿ ಆ ಸಂಖ್ಯೆಯನ್ನು ಐವತ್ತರಿಂದ ಮೂವತ್ತು ಹೆಂಗಸರಿಗೆ ಇಳಿಸಿದರೆಂದೂ, ಅದೇ ವರ್ಷ ಸಮಾನ ವೇತನದ ಕಾಯ್ದೆಯೂ ಬಂತೆಂದೂ ಕಾಲೇಜಿಗೆ ಹೋದ ಮೇಲೆ ಓದಿದೆ. ಓದಿದ್ದನ್ನು ಅಮ್ಮನಿಗೆ ಹೇಳಿದಾಗ “ಹೌದಾ? ನನ್ನ ತಂಗಿ ಮಗುವನ್ನು ಗೋಣಿಯ ಮೇಲೆ ಮಲಗಿಸಿಯೇ ಸುಲಿದದ್ದು” ಎಂದಿದ್ದಳು. ಸಮಾನ ವೇತನಕ್ಕೂ ದಾರಿ ಸುತ್ತು. ಸುಲಿಯುವ ಕೋಣೆಯಲ್ಲಿ ಗಂಡಸರೇ ಇಲ್ಲದಿದ್ದರೆ ಯಾರಿಗೆ ಸಮಾನ?

ಈಗ ಅನೇಕ ಕಾರ್ಖಾನೆಗಳಲ್ಲಿ ಬೀಜ ಒಡೆಯಲೂ ಸಿಪ್ಪೆ ತೆಗೆಯಲೂ ಯಂತ್ರ ಬಂದಿದೆ. ಬಣ್ಣ ನೋಡಿ ಬೇರ್ಪಡಿಸಲು ಕ್ಯಾಮರಾ ಇದೆ. ಯಂತ್ರ ಬಿಟ್ಟುಕೊಟ್ಟದ್ದನ್ನು ಮಾತ್ರ ಹೆಂಗಸರು ಕೈಯಿಂದ ಸರಿ ಮಾಡುತ್ತಾರೆ. ಎಣ್ಣೆಯಿಂದ ಕೈ ಸುಡುವುದು ಕಡಿಮೆಯಾದದ್ದು ಒಳ್ಳೆಯದೇ. ಒಂದು ಕಾಲದಲ್ಲಿ ಸಾಲಾಗಿ ಕೂತು ಹಾಡು, ಸಂಕಟ ಎರಡನ್ನೂ ಹಂಚಿಕೊಳ್ಳುತ್ತಿದ್ದವರಿಗೆ ಬೇರೆ ಕೆಲಸ ಸಿಕ್ಕಿತೇ ಎಂದು ಮಾತ್ರ ಆಗಾಗ ಯೋಚನೆಯಾಗುತ್ತದೆ.

ಹೋದ ತಿಂಗಳು ಹುಡುಗ ಮತ್ತೆ ಬಂದಿದ್ದ. ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು ಪರದೆ ನೋಡುತ್ತಿದ್ದಳು. “ಇವರಿಗೆ ಊಟಕ್ಕೆ ಎಷ್ಟು ಹೊತ್ತಿಗೆ ಬಿಡುವುದು?” ಎಂದು ತುಳುವಿನಲ್ಲಿ ಕೇಳಿದಳು. “ಇದರಲ್ಲಿ ಜನ ಇಲ್ಲ ಅಜ್ಜಿ, ಎಲ್ಲಾ ಯಂತ್ರ” ಎಂದ. ಅಷ್ಟರಲ್ಲಿ ಅವನ ಒಂದು ಸಾಲು ಪೂರ್ತಿ ನಿಂತಿತು. ಅವನು ಕೊನೆಯ ಯಂತ್ರವನ್ನು ಕಿತ್ತು ಹೊಸದು ಹಾಕಿದ, ಇನ್ನೂ ಎರಡು ಸೇರಿಸಿದ. ಏನೂ ಆಗಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ನೋಡಿದಳು. “ಒಲೆ ಎಲ್ಲುಂಟು ಮಗಾ? ಅದು ಉರಿಯುತ್ತದಾ ನೋಡು” ಎಂದಳು.

ಅವನು ಚಿತ್ರವನ್ನು ಹಿಂದೆ ಹಿಂದೆ ಸರಿಸುತ್ತ ಹೋದ. ದೂರದಲ್ಲಿ ಕುಲುಮೆಗಳ ಸಾಲು. ಕಲ್ಲಿದ್ದಲು ಮುಗಿದು ಅವೆಲ್ಲ ಆರಿ ಕುಳಿತಿದ್ದವು. “ಅಜ್ಜಿಗೆ ಹೇಗೆ ಗೊತ್ತಾಯಿತು?” ಎಂದು ಹುಡುಗ ಬೆರಗಾಗಿ ನನ್ನ ಕಡೆ ತಿರುಗಿದ.

ನಾನು ಎದ್ದು ಒಳಗೆ ಹೋದೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ, ಬರೆಯುವುದರಲ್ಲಿ ಯಾವಾಗಲೂ ಹಿಂದೆ ಬೀಳುವ ಒಬ್ಬಳು ಹುಡುಗಿ ಇದ್ದಾಳೆ. ಮೊನ್ನೆ ತಾನೇ ಅವಳಿಗೆ “ನಿನ್ನ ಕೈ ಯಾಕೆ ಇಷ್ಟು ನಿಧಾನ?” ಎಂದು ಎಲ್ಲರ ಮುಂದೆ ಕೇಳಿದ್ದೆ. ಅವಳು ಬೆಳಿಗ್ಗೆ ತಿಂಡಿ ತಿಂದು ಬರುತ್ತಾಳೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ನಾಲ್ವತ್ತು ವರ್ಷ ತಡವಾಗಿ ಅಮ್ಮನಿಗೆ ತಪ್ಪಾಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಂದು ಲೋಟ ಬಿಸಿ ಕಾಫಿ ಮಾಡಿಕೊಂಡು ಬಂದು ಅವಳ ಕೈಗೆ ಕೊಟ್ಟೆ. ಹುಡುಗಿಯನ್ನು ಮಾತ್ರ ಸೋಮವಾರ ಪ್ರಾರ್ಥನೆಗೆ ಮೊದಲೇ ಕರೆದು ಕೇಳಿದೆ.