ಪತ್ರಕರ್ತ ಕಟ್ಟಿದ ಪಾಠಶಾಲೆ

ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿದ್ದು 1945ರಲ್ಲಿ. ಅದರ ಬೀಜ ಬಿದ್ದದ್ದು ಮಾತ್ರ ಮೂವತ್ತು ವರ್ಷ ಮೊದಲು. 1915ರ ಫೆಬ್ರವರಿಯಲ್ಲಿ ಗೋಪಾಲಕೃಷ್ಣ ಗೋಖಲೆ ತೀರಿಕೊಂಡಾಗ, ಮುಂದೆ ಈ ಸಂಸ್ಥೆ ಕಟ್ಟಿದ ಡಿ.ವಿ. ಗುಂಡಪ್ಪನವರು (ಡಿ.ವಿ.ಜಿ.) ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸುತ್ತಿದ್ದರು; ವಯಸ್ಸು ಇಪ್ಪತ್ತೇಳು. ಅದೇ ವರ್ಷ ಅವರು ಗೋಖಲೆಯವರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು. ಮೇ ತಿಂಗಳಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು. ಅವರನ್ನು ಕರೆಸುವ ಓಡಾಟದಲ್ಲಿ ಡಿ.ವಿ.ಜಿ. ಇದ್ದರು.

ಮುಳಬಾಗಿಲಿನ ಈ ಹುಡುಗನಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಹೊಟ್ಟೆಪಾಡಿಗೆ ಕೋಲಾರದ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆ, ಬೆಂಗಳೂರಿನಲ್ಲಿ ಜಟಕಾಗಳಿಗೆ ಬಣ್ಣ ಬಳಿಯುವ ಕೆಲಸ. ಆಮೇಲೆ ‘ಸೂರ್ಯೋದಯ ಪ್ರಕಾಶಿಕೆ’ ಪತ್ರಿಕೆಯ ಕೆಲಸ. 1908ರ ಮೈಸೂರು ಪತ್ರಿಕಾ ಕಾನೂನಿನ ದಿನಗಳವು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಇಂಥ ಕಾಲದಲ್ಲಿ ಲೇಖನಿ ಹಿಡಿದವರಿಗೆ ಬರೆಯುವ ಮುನ್ನ ತೂಗಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ.

ಡಿ.ವಿ.ಜಿ. ಪತ್ರಿಕೆ ಬಿಟ್ಟು ಬೋಧನೆಗೆ ಬಂದರು ಎಂದು ಹೇಳುವುದುಂಟು. ನನಗದು ಒಪ್ಪಿಗೆಯಿಲ್ಲ. ದೇಶೀಯ ಸಂಸ್ಥಾನಗಳ ಮುಂದಿನ ಗತಿಯೇನು, ಪ್ರಜೆಗೆ ಆಡಳಿತದಲ್ಲಿ ಎಷ್ಟು ಪಾಲು ಎಂದು ಅವರು ಬರೆಯುತ್ತಿದ್ದಾಗಲೇ ಪಾಠ ಶುರುವಾಗಿತ್ತು. ಕಲಿಯುವವರು ಎದುರಿಗೆ ಕೂತಿರಲಿಲ್ಲ, ಅಷ್ಟೆ. ಪತ್ರಿಕೆ ಮರುದಿನಕ್ಕೆ ಹಳತಾಗುತ್ತದೆ. ಪ್ರಜೆಯಾಗುವುದನ್ನು ಕಲಿಯಲು ವರ್ಷಗಳು ಬೇಕು. ಸ್ವಾತಂತ್ರ್ಯ ಹೊಸ್ತಿಲಲ್ಲಿದ್ದಾಗ, ಅರವತ್ತರ ಹತ್ತಿರದಲ್ಲಿ, ಅವರು ಗೋಖಲೆಯವರ ಹೆಸರಿನಲ್ಲಿ ಸಂಸ್ಥೆ ತೆರೆದದ್ದು ಇದಕ್ಕಾಗಿಯೇ ಎಂದು ನಾನು ನಂಬಿದ್ದೇನೆ.

ಇಲ್ಲಿ ಹಾಜರಿ ಪುಸ್ತಕವಿರಲಿಲ್ಲ, ಪರೀಕ್ಷೆ ಇರಲಿಲ್ಲ. ಅಧ್ಯಯನ ಗೋಷ್ಠಿಯಲ್ಲಿ ರಾಜ್ಯನೀತಿಯ ಜೊತೆಗೆ ಭಗವದ್ಗೀತೆ, ಷೇಕ್ಸ್‌ಪಿಯರ್ ಓದು ನಡೆಯುತ್ತಿತ್ತು. ಸಾರ್ವಜನಿಕ ಜೀವನ ಕೆಡುವುದು ಕಾನೂನಿನ ಅಜ್ಞಾನವೊಂದರಿಂದಲೇ ಅಲ್ಲ, ಮನಸ್ಸು ಹದವಾಗದೆ ಇರುವುದರಿಂದಲೂ ಕೆಡುತ್ತದೆ ಎಂದು ಬಲ್ಲವರಿಗೆ ಈ ಜೋಡಣೆ ವಿಚಿತ್ರವೆನಿಸದು. ಗೀತೆಯ ಉಪನ್ಯಾಸಗಳು ‘ಜೀವನಧರ್ಮಯೋಗ’ವಾಗಿ ಬಂದವು, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ರಾಜಕೀಯವನ್ನು ಕನ್ನಡದಲ್ಲೇ ಓದಬಯಸುವವರಿಗೆ ‘ರಾಜ್ಯಶಾಸ್ತ್ರ’ವನ್ನೂ ಬರೆದಿಟ್ಟರು.

1970ರಲ್ಲಿ ನಾಡಿನ ಜನ ಸೇರಿ ಅವರಿಗೆ 1 ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಎಂಬತ್ತು ದಾಟಿದ, ಸಿರಿತನವನ್ನು ಎಂದೂ ಕಾಣದ ಆ ಹಿರಿಯರು ಅಷ್ಟನ್ನೂ ಈ ಸಂಸ್ಥೆಗೇ ಕೊಟ್ಟುಬಿಟ್ಟರು.